ಸಣ್ಣ ಟ್ರ್ಯಾಕ್ಟರಿಗೆ ಕಬ್ಬಿನ ಗ್ರ್ಯಾಬ್: ಕೊಳ್ಳುವ ಮುನ್ನ

ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು, ಹಲಗೆಯೇರಿ ಟ್ರೇಲರಿಗೆ ತುಂಬುವುದು ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಭಾಗದ ಹಳೆಯ ರೂಢಿ. ಆಳುಗಳು ದೊರೆಯದ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಮುಂಭಾಗದ ಲೋಡರಿಗೆ ಜೋಡಿಸುವ, ಹೈಡ್ರಾಲಿಕ್ ಒತ್ತಡದಿಂದ ತೆರೆದು ಮುಚ್ಚುವ ಉಕ್ಕಿನ ಪಂಜ, ಅಂದರೆ ಗ್ರ್ಯಾಬ್, ಈ ಕೆಲಸಕ್ಕೆ ಒದಗುತ್ತದೆ.

ಮನೆಯಲ್ಲಿರುವ ಸಣ್ಣ ಟ್ರ್ಯಾಕ್ಟರಿಗೇ ಇದನ್ನು ಕೂಡಿಸಿದರೆ ಬಂಡವಾಳ ಉಳಿಯುವುದೆಂಬ ಎಣಿಕೆ ಸಹಜವೇ. ಆದರೆ ಲೋಡರು ಎತ್ತುವ ಭಾರದಲ್ಲಿ ಗ್ರ್ಯಾಬಿನ ಸ್ವಂತ ತೂಕವೂ ಸೇರಿರುತ್ತದೆ. ಸಾಮರ್ಥ್ಯ 400 ಕಿಲೋ, ಗ್ರ್ಯಾಬಿನ ತೂಕ 180 ಕಿಲೋ ಎಂದಿಟ್ಟುಕೊಂಡರೆ ಕಬ್ಬಿಗೆ ಉಳಿಯುವುದು 220 ಕಿಲೋ. 10 ಟನ್ ತುಂಬಲು ಕನಿಷ್ಠ 46 ಬಾರಿ ಎತ್ತಬೇಕು. ಭಾರ ಮುಂದಕ್ಕೆ ಚಾಚಿದಷ್ಟೂ ಈ 220 ಕೂಡ ಕುಗ್ಗುವುದು. ಈ ಕಳೆಯುವ ಲೆಕ್ಕವನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿಯೇ ಪಡೆಯತಕ್ಕದ್ದು.

ಟ್ರ್ಯಾಕ್ಟರಿನ ಹಿಂಭಾಗಕ್ಕೆ ಪ್ರತಿಭಾರ ಕಟ್ಟದಿದ್ದರೆ ಎರೆಭೂಮಿಯಲ್ಲಿ ಮುಂಗಾಲಿಗಳು ಹುಗಿದು, ಹಿಂಗಾಲಿಗಳು ಹಿಡಿತ ಕಳೆದುಕೊಳ್ಳುತ್ತವೆ. ಪಂಜವನ್ನು ನೆಲಕ್ಕೆ ಒತ್ತಿ ಬಾಚಿದಲ್ಲಿ ಕಬ್ಬಿನೊಡನೆ ಮಣ್ಣು, ರವದಿಗಳೂ ಟ್ರೇಲರು ಸೇರುತ್ತವೆ. ಕಾರ್ಖಾನೆಯಲ್ಲಿ ತೂಕ ಕಡಿತವಾದರೆ ರೈತನು ಆ ಬಾಡಿಗೆದಾರನನ್ನು ಮರಳಿ ಕರೆಯಲಾರ.

ಬಾಡಿಗೆಗೆ ದುಡಿಸುವವರು 50 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರನ್ನೇ ಆರಿಸುವುದು ಲೇಸು. ಸಣ್ಣದು ಮುಳ್ಳುಕಂಟಿ, ರವದಿ ಸಾಗಿಸಲು ಸಾಕು.

ಇದರಲ್ಲಿ ಬೇಗ ಸವೆಯುವವು ಪಿನ್ನು, ಬುಷ್‌ಗಳು. ನಮ್ಮ ಲೇತ್ ಉದ್ದಿಮೆದಾರರು ಅಳತೆ ಪಡೆದು, ಹಂಗಾಮಿಗೆ ಮೊದಲೇ ಇವನ್ನು ತಯಾರಿಸಿ ದಾಸ್ತಾನಿಡಬಹುದು. ಗ್ರ್ಯಾಬ್ ಒಂದು ದಿನ ನಿಂತರೆ ಅದರ ಹಿಂದೆ ಟ್ರೇಲರುಗಳ ಸಾಲೇ ನಿಲ್ಲುವುದರಿಂದ, ಆ ಹೊತ್ತಿನಲ್ಲಿ ಯಾರೂ ಪಿನ್ನಿನ ಬೆಲೆಗೆ ಚೌಕಾಸಿ ಮಾಡುವುದಿಲ್ಲ.