ಕಟ್ಟಾದ ಬೋಲ್ಟ್ ಕೀಳುವವರು

ಬೋಲ್ಟ್ ಮುರಿಯುವ ಮುನ್ನ ಕೈಗೊಂದು ಸುಳಿವು ಸಿಗುತ್ತದೆ. ಪಾನಾ ತಿರುಗುತ್ತಿರುತ್ತದೆ, ಬೋಲ್ಟ್ ಮಾತ್ರ ಸಡಿಲಾಗುವುದಿಲ್ಲ. ಒಳಗಿನ ಲೋಹ ಪಾಕಕ್ಕೆ ಬಂದ ಬೆಲ್ಲದ ಹಾಗೆ ಎಳೆದುಕೊಳ್ಳುತ್ತದೆ. ಪಳಗಿದ ಕೈ ಅಲ್ಲಿಗೇ ನಿಲ್ಲುತ್ತದೆ. ಪಳಗದ ಕೈ ಇನ್ನು ಕಾಲು ಸುತ್ತು ಎಳೆದು 'ಟಕ್' ಅನ್ನಿಸಿಯೇ ಬಿಡುತ್ತದೆ. ತಲೆ ಪಾನಾದ ಜೊತೆ ಹೊರಗೆ, ಮೈ ಎಂಜಿನ್ ಬ್ಲಾಕಿನ ಒಳಗೆ. ಕೆಲವೇ ರೂಪಾಯಿಯ ಬೋಲ್ಟು ಸಾವಿರಾರು ರೂಪಾಯಿಯ ಬ್ಲಾಕನ್ನು ಮೂಲೆಗೆ ಕೂರಿಸುತ್ತದೆ.

ಹೀಗೆ ಕೂತ ಬ್ಲಾಕುಗಳು ಬೆಂಗಳೂರಿನಲ್ಲಿ ಆಟೋ ಏರಿ ಬರುವುದು ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಸುತ್ತಿನ ಗಲ್ಲಿಗಳಿಗೆ. ಮುಂದೆ ಬಿಡಿಭಾಗದ ಅಂಗಡಿಗಳ ಸಾಲು. ಹಿಂದೆ ಸರಿದರೆ ಬೋರಿಂಗ್, ಲೇತ್, ವೆಲ್ಡಿಂಗ್ ಕೆಲಸದ ಮಳಿಗೆಗಳು. ಅಂಥದ್ದೊಂದು ಮಳಿಗೆಯಲ್ಲಿ ಕೂತಿರುವ ವೆಲ್ಡಿಂಗ್ ಮಿಸ್ತ್ರಿಯೊಬ್ಬರಿಗೆ ವಯಸ್ಸಾಗಿದೆ. ಕೆಲಸಕ್ಕೆ ಬೋರ್ಡಿಲ್ಲ. ಮೆಕ್ಯಾನಿಕ್‌ಗಳ ಬಾಯಿಂದ ಬಾಯಿಗೆ ಹಬ್ಬಿದ ಹೆಸರಿಗೆ ಬೋರ್ಡು ಬೇಕಾಗಿಯೂ ಇಲ್ಲ.

ಬ್ಲಾಕ್ ಇಳಿಸಿದ ಕೂಡಲೇ ಅವರು ಕೇಳುವುದು ಮುರಿದು ಬಂದ ತಲೆಯನ್ನು. ತಂದವರು ಅದನ್ನು ಎಸೆದು ಬಂದಿದ್ದರೆ ಮುಖ ಸಿಂಡರಿಸುತ್ತಾರೆ. ತಲೆಯ ಮೇಲೆ 8.8, 10.9 ಎಂಬಂಥ ಅಂಕಿ ಒತ್ತಿರುತ್ತದೆ. ಅದು ಉಕ್ಕಿನ ದರ್ಜೆ. 8.8 ದರ್ಜೆಯ 8 ಮಿ.ಮೀ. ಬೋಲ್ಟ್ ಮುರಿಯಬೇಕಾದರೆ ಸುಮಾರು 3 ಟನ್ ಎಳೆತ ಬೇಕು. ದರ್ಜೆ ಏರಿದಷ್ಟೂ ಡ್ರಿಲ್ ಬಿಟ್‌ಗೆ ಕಷ್ಟ. ಅಂಕಿಗಿಂತ ಹೆಚ್ಚಾಗಿ ಅವರು ನೋಡುವುದು ಮುರಿದ ಮೈಯನ್ನು: ತಿರುಚಿ ಹೋಗಿದೆಯೋ, ಅಂಚಿನಿಂದ ತುಕ್ಕು ತಿಂದು ಸಣ್ಣಗಾಗಿತ್ತೋ, ಹಳೆಯ ಬಿರುಕು ಕಪ್ಪಗೆ ಕಾಣುತ್ತದೋ. ಅತಿಯಾಗಿ ಬಿಗಿದು ತಲೆ ಹಾರಿದ ಬೋಲ್ಟು ಸುಲಭದ್ದು. ತಲೆ ಹೋದ ಮೇಲೆ ಬಿಗಿಯೂ ಹೋಯಿತಲ್ಲ. ಮೊನಚು ಪಂಚ್ ಇಟ್ಟು ಎಡಕ್ಕೆ ತಟ್ಟಿದರೆ ಎಷ್ಟೋ ಸಲ ತಾನಾಗಿ ತಿರುಗಿ ಬರುತ್ತದೆ. ತುಕ್ಕಿನದ್ದು ಹಾಗಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ, ಥ್ರೆಡ್ಡಿನ ಸಂದುಗಳನ್ನೆಲ್ಲ ತುಂಬಿ ಒತ್ತುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡುಗಳು (ತಲೆಯಿಲ್ಲದ ಬೋಲ್ಟುಗಳು), ಕಾದು ಆರಿ ಕಾದು ಆರಿ, ಈ ಜಾತಿಯವು.

ಅಂಥದ್ದಕ್ಕೆ ಮಿಸ್ತ್ರಿಯ ಮದ್ದು ನಟ್ಟು. ತುಂಡಿನ ಮೇಲೆ ಒಂದು ವಾಷರ್, ಅದರ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ರಾಡ್ ಇಳಿಸಿ ತುಂಡನ್ನೂ ನಟ್ಟನ್ನೂ ಒಂದು ಮಾಡುತ್ತಾರೆ. ನೋಡುವವರಿಗೆ ಹಿಡಿಯಲು ಹೊಸ ತಲೆ ಸಿಕ್ಕಿತು ಅನ್ನಿಸುತ್ತದೆ. ಅದು ಅರ್ಧ ಕೆಲಸ. ಉಳಿದರ್ಧ ಮಾಡುವುದು ಬಿಸಿ. ಕೆಂಪಗೆ ಕಾದ ತುಂಡು ಹಿಗ್ಗಲು ಹೊರಟರೆ ಸುತ್ತಲಿನ ತಣ್ಣನೆಯ ಬ್ಲಾಕ್ ಬಿಡುವುದಿಲ್ಲ. ಮೆತ್ತಗಾದ ಲೋಹ ತನ್ನೊಳಗೇ ಕುಸಿಯುತ್ತದೆ. ಆರಿದಾಗ ಮೊದಲಿದ್ದ ಅಳತೆಗಿಂತ ಕೂದಲೆಳೆಯಷ್ಟು ಕಿರಿದಾಗುತ್ತದೆ, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ನೀರು ಸುರಿದು ಬೇಗ ಆರಿಸುವಂತಿಲ್ಲ, ಬೀಡುಕಬ್ಬಿಣದ ಬ್ಲಾಕೇ ಸೀಳಬಹುದು. ಮಿಸ್ತ್ರಿ ಕಾಯುತ್ತಾರೆ. ಕೆಂಪು ಇಳಿದ ಮೇಲೆ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸುತ್ತಾರೆ. ಕರಗಿದ ಮೇಣವನ್ನು ಬಿಸಿ ಥ್ರೆಡ್ಡು ಒಳಕ್ಕೆ ಹೀರಿಕೊಳ್ಳುತ್ತದೆ.

ಆಮೇಲೆ ಪಾನಾ. ಮೊದಲ ತಿರುವು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ, ಒಂದಿಷ್ಟೇ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕಿರ್‍ರ್ ಎಂಬ ಸದ್ದು ಬಂದರೆ ಗೆದ್ದಂತೆ. ನಟ್ಟು ಕಿತ್ತು ಕೈಗೆ ಬಂದರೆ ಇನ್ನೊಂದು ನಟ್ಟು, ಅದೂ ಬಂದರೆ ಮತ್ತೊಂದು. ಬೆಸುಗೆ ಬಿಡುವುದು ಸೋಲಲ್ಲ, ಪ್ರತಿ ಸಲ ಕಾದು ಆರಿದಾಗಲೂ ಹಿಡಿತ ಕೊಂಚ ಸಡಿಲಾಗಿರುತ್ತದೆ ಅನ್ನುವುದು ಅವರ ಲೆಕ್ಕ. ಎಂಜಿನ್ ಇನ್ನೂ ಗಾಡಿಯಲ್ಲೇ ಇದ್ದರೆ ಬ್ಯಾಟರಿಯ ವೈರು ಬಿಚ್ಚಿಸದೆ ರಾಡ್ ಮುಟ್ಟುವುದಿಲ್ಲ; ಈಗಿನ ಗಾಡಿಗಳ ಕಂಪ್ಯೂಟರಿಗೆ ವೆಲ್ಡಿಂಗ್ ಕರೆಂಟು ಆಗಿಬರುವುದಿಲ್ಲ.

ಅವರ ಮೇಜಿನ ಡ್ರಾಯರಿನಲ್ಲಿ ಐದು ತುಂಡಿನ ಈಜಿ ಔಟ್ ಸೆಟ್ಟೊಂದು ಹೊಸದರಂತೆ ಹೊಳೆಯುತ್ತಿದೆ. ತುಂಡಿನ ನಡುವೆ ತೂತು ಕೊರೆದು, ಎಡತಿರುವಿನ ಈ ಮೊನಚು ಸಲಾಕೆಯನ್ನು ಕಚ್ಚಿಸಿ ತಿರುಗಿಸಿದರೆ ಬೋಲ್ಟು ಹೊರಬರಬೇಕು. ಹೆಸರೇನೋ ಈಜಿ. ಆದರೆ ಒಳಕ್ಕೆ ಇಳಿದಷ್ಟೂ ಅದು ತುಂಡನ್ನು ಹಿಗ್ಗಿಸಿ ಇನ್ನಷ್ಟು ಬಿಗಿ ಮಾಡುತ್ತದೆ. ಗಡಸು ಉಕ್ಕಾದ್ದರಿಂದ ಬಾಗದು, ಪಟ್ಟನೆ ಮುರಿಯುತ್ತದೆ. ಹಾಗೆ ಮುರಿದರೆ ಮಾಮೂಲಿ ಡ್ರಿಲ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಇಲ್ಲಿಗೆ ಬರುವ ಬ್ಲಾಕುಗಳಲ್ಲಿ ಎಷ್ಟೋ ಮೊದಲೇ ಹೀಗೆ 'ರಿಪೇರಿ' ಆಗಿ ಬಂದವು.

ಪೂರ್ತಿ ಕೊರೆದು ತೆಗೆಯುವ ದಾರಿಯೂ ಇದೆ. 8 ಮಿ.ಮೀ. ಬೋಲ್ಟಿಗೆ 6.8 ಮಿ.ಮೀ. ತೂತು ಸರಿಯಾಗಿ ನಡುವೆ ಬಿದ್ದರೆ ಉಳಿದ ಸುರುಳಿಯನ್ನು ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಬಿಡಿಸಬಹುದು. ಭಾಗ ಅಲ್ಯೂಮಿನಿಯಂನದಾದರೆ, ಪಂಚ್ ಗುರುತು ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೂ ಬಿಟ್ ಆ ಮೆತ್ತನೆಯ ಲೋಹದ ಕಡೆಗೆ ವಾಲುತ್ತದೆ. ಥ್ರೆಡ್ಡು ಹಾಳಾದರೆ ತೂತು ದೊಡ್ಡದು ಮಾಡಿ ಹೆಲಿಕಾಯ್ಲ್ ಎಂಬ ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ.

ಒಳಗೆ ಮುರಿದ ಗಡಸು ಉಕ್ಕನ್ನು ತೆಗೆಯುವ ಪೇಚಾಟ ಒಂದು ಯಂತ್ರವನ್ನೇ ಹುಟ್ಟಿಸಿದೆ. ಸೋವಿಯತ್ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನತಾಲ್ಯಾ ಲಜಾರೆಂಕೊ ಸ್ವಿಚ್ಚುಗಳ ಟಂಗ್‌ಸ್ಟನ್ ತುದಿಗಳು ಕಿಡಿಯಿಂದ ಸವೆಯುವುದನ್ನು ತಡೆಯಲು ಹೊರಟು, 1943ರಲ್ಲಿ ಅದೇ ಕಿಡಿಯಿಂದ ಲೋಹ ಕೊರೆಯುವ ವಿಧಾನ ಕಂಡುಕೊಂಡರು. ಅದೇ ದಶಕದಲ್ಲಿ ಅಮೆರಿಕದ ಸ್ಟಾರ್ಕ್, ಹಾರ್ಡಿಂಗ್, ಬೀವರ್ ಎಂಬ ಮೂವರು ಅಲ್ಯೂಮಿನಿಯಂ ವಾಲ್ವುಗಳಲ್ಲಿ ಮುರಿದ ಟ್ಯಾಪುಗಳನ್ನು ಕಿಡಿಯಿಂದ ಸುಟ್ಟು ತೆಗೆಯುವ ಯಂತ್ರ ಮಾಡಿದರು. ಇಂದಿನ ಸ್ಪಾರ್ಕ್ ಇರೋಷನ್ ಯಂತ್ರಗಳೆಲ್ಲ ಆ ಪ್ರಯತ್ನಗಳ ಸಂತತಿ. ಇನ್ನೊಂದು ಉಪಾಯಕ್ಕೆ ಕರೆಂಟೂ ಬೇಡ. ಗಡಿಯಾರ ರಿಪೇರಿಯವರು ಹಿತ್ತಾಳೆ ತಟ್ಟೆಯಲ್ಲಿ ಮುರಿದ ಉಕ್ಕಿನ ಸ್ಕ್ರೂವನ್ನು ಪಟಿಕದ ಬಿಸಿ ನೀರಿನಲ್ಲಿ ಮುಳುಗಿಸಿಡುತ್ತಾರೆ. ಕ್ಷೌರದಂಗಡಿಯ ಅದೇ ಪಟಿಕ. ಉಕ್ಕು ಕರಗಿ ಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಸಣ್ಣ ಅಲ್ಯೂಮಿನಿಯಂ ಭಾಗಗಳಿಗೂ ಇದು ನಡೆಯುತ್ತದೆ. ಬೀಡುಕಬ್ಬಿಣದ ಬ್ಲಾಕಿಗೆ ಮಾತ್ರ ಸಲ್ಲದು, ಬೋಲ್ಟಿನ ಜೊತೆ ಬ್ಲಾಕನ್ನೂ ತಿನ್ನುತ್ತದೆ.

ಯಂತ್ರೋಪಕರಣಗಳ ಕಾರ್ಖಾನೆ ಎಚ್‌ಎಂಟಿ 1953ರಲ್ಲಿ ಶುರುವಾದ ಊರು ಬೆಂಗಳೂರು. ಲೇತ್ ತಯಾರಿಸಿದ ಊರಿಗೆ ಲೇತ್ ಬಲ್ಲ ಕೈಗಳ ಬರವಿರಲಿಲ್ಲ. ಐಟಿಐ ಫಿಟ್ಟರ್ ಪಠ್ಯದಲ್ಲಿ ಇಂದಿಗೂ ಮುರಿದ ಸ್ಟಡ್ ತೆಗೆಯುವ ಪಾಠವಿದೆ. ಪಂಚ್, ಅರದಿಂದ ಚೌಕ ಮಾಡುವುದು, ಈಜಿ ಔಟ್, ಡ್ರಿಲ್, ಎಲ್ಲವೂ ಕ್ರಮವಾಗಿ ಇವೆ. ಯಾವಾಗ ಕೈ ನಿಲ್ಲಿಸಬೇಕೆಂಬುದನ್ನು ಹುಡುಗರು ಇಂಥ ಮಳಿಗೆಗಳಲ್ಲಿ ನಿಂತೇ ಕಲಿಯಬೇಕು.

ನಿಲ್ಲುವವರು ಕಡಿಮೆಯಾಗಿದ್ದಾರೆ. ಕೆಲಸದ ಸ್ವರೂಪವೂ ಬದಲಾಗಿದೆ. ಅಂಬಾಸಿಡರ್, ಪದ್ಮಿನಿಗಳ ಬೀಡುಕಬ್ಬಿಣದ ಬ್ಲಾಕ್ ಬೆಂಕಿ ತಡೆದುಕೊಳ್ಳುತ್ತಿತ್ತು. ಈಗ ಎಷ್ಟೋ ಕಾರುಗಳ ಬ್ಲಾಕೂ ಅಲ್ಯೂಮಿನಿಯಂ. ಅದು ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, 660 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಹಲವು ಎಂಜಿನ್‌ಗಳ ಹೆಡ್ ಬೋಲ್ಟುಗಳು ಎಳೆದುಕೊಳ್ಳುವಷ್ಟು ಬಿಗಿಯುವಂಥವು, ಬಿಚ್ಚಿದರೆ ಹೊಸದೇ ಹಾಕಬೇಕು. ಮುರಿದರೆ ಭಾಗವನ್ನೇ ಬದಲಿಸಿ ಎನ್ನುವುದು ಸರ್ವೀಸ್ ಸೆಂಟರುಗಳಿಗೂ ವಿಮೆಯವರಿಗೂ ಸಲೀಸು. ಅರ್ಧ ದಿನ ಕಾಯಿಸಿ ಆರಿಸಿ ತಿರುಗಿಸುವ ಕೆಲಸಕ್ಕೆ ಬಿಲ್ಲಿನಲ್ಲಿ ಯಾವ ಸಾಲು? ಬ್ಲಾಕು ಉಳಿಸಿದರೆ ಎಷ್ಟು ಲೋಹ, ಎಷ್ಟು ಹಣ ಉಳಿಯಿತೆಂದು ಬರೆದಿಡುವ ಪುಸ್ತಕವೂ ಇಲ್ಲ.

ಮಿಸ್ತ್ರಿಯ ಬಳಿ ಕಲಿತ ಹುಡುಗನೊಬ್ಬ ಈಗ ಶೋರೂಮಿನ ವರ್ಕ್‌ಶಾಪಿನಲ್ಲಿದ್ದಾನೆ. ಸಮವಸ್ತ್ರ, ತಿಂಗಳ ಸಂಬಳ, ಭಾನುವಾರ ರಜೆ. ಅಲ್ಲಿ ವೆಲ್ಡಿಂಗ್ ಮುಟ್ಟುವಂತಿಲ್ಲ. ಸ್ಟಡ್ ಮುರಿದಾಗ, ಹೊಸ ಭಾಗಕ್ಕೆ ಆರ್ಡರ್ ಹಾಕುವ ಮೊದಲು ಅವನು ಮಿಸ್ತ್ರಿಗೆ ಫೋನ್ ಮಾಡಿ ಏನು ಮಾಡಬಹುದಿತ್ತು ಎಂದು ಕೇಳುತ್ತಿದ್ದನಂತೆ. ಅವರೂ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. ಈಚೆಗೆ ಅವನ ಫೋನ್ ಬರುವುದು ಹಬ್ಬಕ್ಕೆ ಮಾತ್ರ.