ಮೂರನೆಯ ಅಂಗಳ

ಕಾಲ್ಚೆಂಡಾಟದ ವಿಷಯವಾಗಿ ಬರೆಯಲು ನನಗೇನು ಅಧಿಕಾರವೆಂದು ಓದುಗರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವನು ನಾನು. ಚೆಂಡನ್ನು ಒದ್ದುದಕ್ಕಿಂತ, ಅದನ್ನು ಒದೆಯಲು ಹೋಗಿ ತರಗತಿಗೆ ತಪ್ಪಿಸಿಕೊಂಡ ಹುಡುಗರ ಹೆಸರು ಕೂಗಿದ್ದೇ ಹೆಚ್ಚು. ಆದರೆ ಈಚೆಗೆ ಒಂದು ಸಂಜೆ ನನ್ನ ಮೊಮ್ಮಗ ಗಣಕಯಂತ್ರದ ಪರದೆಯ ಮೇಲೆ ಹಳೆಯ ಕಪ್ಪುಬಿಳುಪು ಚಿತ್ರವೊಂದನ್ನು ತೋರಿಸಿದ. ಉದ್ದಪಟ್ಟಿಯ ಅಂಗಿ ತೊಟ್ಟ ಆಟಗಾರನೊಬ್ಬನು ಬಹು ದೂರದಿಂದ ಎಡಗಾಲಿನಲ್ಲಿ ಚೆಂಡನ್ನು ಹೊಡೆಯುತ್ತಾನೆ; ಅದು ಹಾರಿ ಗೋಲಿನ ಮೇಲ್ಮೂಲೆಯನ್ನು ಹೊಕ್ಕುಬಿಡುತ್ತದೆ. ಚಿತ್ರದ ಕೆಳಗೆ ಜನ ಬರೆದಿದ್ದ ಮಾತುಗಳಲ್ಲಿ ಮುಕ್ಕಾಲು ಪಾಲು ಬೈಗುಳ. “ತಾತ, ಇಷ್ಟು ಚೆನ್ನಾಗಿ ಗೋಲು ಹೊಡೆದವರನ್ನು ಇವರೆಲ್ಲ ಯಾಕೆ ಬಯ್ಯುತ್ತಾರೆ?” ಎಂದು ಹುಡುಗ ಕೇಳಿದ. ನನಗೆ ತಿಳಿದಿರಲಿಲ್ಲ. ತಿಳಿಯದ ಪ್ರಶ್ನೆಯನ್ನು ಶಿಷ್ಯನು ಕೇಳಿದರೆ ಮರುದಿನ ಓದಿಕೊಂಡು ಬರುವುದು ಮೇಷ್ಟರ ಹಳೆಯ ಅಭ್ಯಾಸ. ಹಾಗೆ ಓದಿಕೊಂಡುದರ ಫಲ ಈ ಬರಹ.

ಆ ಗೋಲು ಬಿದ್ದದ್ದು 1967ನೆಯ ಇಸವಿಯ ನವೆಂಬರ್ 4ರಂದು, ಉರುಗ್ವೆ ದೇಶದ ರಾಜಧಾನಿ ಮಾಂಟೆವಿಡಿಯೊ ನಗರದಲ್ಲಿ. ಹೊಡೆದವನು ಅರ್ಜೆಂಟೀನಾದ ರೇಸಿಂಗ್ ಕ್ಲಬ್ಬಿನ ಹುವಾನ್ ಕಾರ್ಲೋಸ್ ಕಾರ್ಡೆನಸ್. ಎದುರಾಳಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್. ಇವರೂ ಆ ಊರಿನವರಲ್ಲ, ಅವರೂ ಅಲ್ಲ. ಹಾಗಿದ್ದರೆ ಈ ಎರಡು ತಂಡಗಳು ಮೂರನೆಯವರ ಮನೆಗೆ ಹೋದದ್ದಾದರೂ ಏಕೆ?

1960ರಲ್ಲಿ ಆರಂಭವಾದ ‘ಇಂಟರ್‌ಕಾಂಟಿನೆಂಟಲ್ ಕಪ್’ ಎಂಬ ಸ್ಪರ್ಧೆಯ ಕಲ್ಪನೆ ಸರಳವಾದದ್ದು. ಯೂರೋಪಿನ ಕ್ಲಬ್ಬುಗಳಲ್ಲಿ ಗೆದ್ದವರೂ ದಕ್ಷಿಣ ಅಮೆರಿಕದ ಕ್ಲಬ್ಬುಗಳಲ್ಲಿ ಗೆದ್ದವರೂ ವರ್ಷಕ್ಕೊಮ್ಮೆ ಸೆಣಸಬೇಕು. ಆದರೆ ಒಂದೇ ಆಟದಲ್ಲಲ್ಲ, ಎರಡು ಆಟಗಳಲ್ಲಿ. ಒಮ್ಮೆ ಇವರ ಊರಿನಲ್ಲಿ, ಇನ್ನೊಮ್ಮೆ ಅವರ ಊರಿನಲ್ಲಿ. ನಮ್ಮಲ್ಲಿ ಬೀಗರು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಋಣ ತೀರಿಸಿಕೊಳ್ಳುವುದಿಲ್ಲವೆ, ಹಾಗೆ. ಇಂದು ಆತಿಥೇಯನಾದವನು ನಾಳೆ ಅತಿಥಿಯಾಗುತ್ತಾನೆ. ತಾನು ಬಡಿಸಿದ ಎಲೆಯೇ ತನಗೂ ಬರುತ್ತದೆಂಬ ಎಚ್ಚರ ಇಬ್ಬರಿಗೂ ಇರುತ್ತದೆ. ಮೊದಲ ವರ್ಷ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡ ಮಾಂಟೆವಿಡಿಯೊಗೆ ಹೋಗಿ ಪೆನ್ಯಾರೋಲ್ ತಂಡದೊಡನೆ ಗೋಲಿಲ್ಲದೆ ಸಮನಾಗಿ ಮರಳಿತು; ತನ್ನ ಮನೆಯಲ್ಲಿ 5–1ರಿಂದ ಗೆದ್ದಿತು. ಎಲ್ಲವೂ ಸೊಗಸಾಗಿಯೇ ನಡೆಯಿತು.

ತೊಡಕು ಇದ್ದದ್ದು ಲೆಕ್ಕದಲ್ಲಿ. ಎರಡು ಆಟಗಳ ಗೋಲುಗಳನ್ನು ಕೂಡಿಸಿ ನೋಡುವ ಪದ್ಧತಿ ಆಗ ಇರಲಿಲ್ಲ. ಗೆದ್ದರೆ ಎರಡು ಅಂಕ, ಸಮನಾದರೆ ಒಂದು. ಎಷ್ಟು ಗೋಲಿನಿಂದ ಗೆದ್ದರೆಂಬುದನ್ನು ಕೇಳುವವರಿಲ್ಲ. 1961ರಲ್ಲಿ ಪೆನ್ಯಾರೋಲ್ ತಂಡ ಲಿಸ್ಬನ್ನಿನಲ್ಲಿ ಬೆನ್ಫಿಕಾದ ಕೈಯಲ್ಲಿ 1–0ರಿಂದ ಸೋತು, ತನ್ನೂರಿನಲ್ಲಿ ಅದೇ ಬೆನ್ಫಿಕಾವನ್ನು 5–0ರಿಂದ ಬಡಿದುಹಾಕಿತು. ಆದರೂ ಅಂಕ ಸಮ ಸಮ! ಎರಡು ದಿನ ಬಿಟ್ಟು ಮೂರನೆಯ ಆಟವಾಡಿ 2–1ರಿಂದ ಗೆದ್ದ ಮೇಲೆಯೇ ಕಪ್ಪು ಕೈಸೇರಿದ್ದು. ನಮ್ಮ ಶಾಲೆಯ ಗಣಿತದ ಮೇಷ್ಟರು ಈ ಲೆಕ್ಕವನ್ನು ಕಂಡಿದ್ದರೆ ಬೆತ್ತ ಹುಡುಕುತ್ತಿದ್ದರು. ಮೂರನೆಯ ಆಟ ಎರಡನೆಯದು ನಡೆದ ಖಂಡದಲ್ಲಿಯೇ ನಡೆಯತಕ್ಕದ್ದು ಎಂಬುದು ಇನ್ನೊಂದು ಕಟ್ಟಳೆ.

ಇನ್ನು 1967ರ ಇಬ್ಬರು ಸ್ಪರ್ಧಿಗಳು. ಸೆಲ್ಟಿಕ್ ಹುಟ್ಟಿದ್ದು 1887ರಲ್ಲಿ, ಗ್ಲಾಸ್ಗೋದ ಪೂರ್ವಭಾಗದ ಬಡವರಿಗೆ ನೆರವಾಗಲೆಂದು ಕ್ಯಾಥೊಲಿಕ್ ಸೋದರರೊಬ್ಬರು ಕಟ್ಟಿದ ಸಂಸ್ಥೆಯಾಗಿ. 1967ರ ಮೇ 25ರಂದು ಲಿಸ್ಬನ್ನಿನಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡವನ್ನು 2–1ರಿಂದ ಸೋಲಿಸಿ ಯೂರೋಪಿನ ಕಪ್ಪನ್ನು ಗೆದ್ದಾಗ ಅದರ ಹನ್ನೊಂದು ಆಟಗಾರರೂ ಕ್ಲಬ್ಬಿನ ಮೈದಾನದಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರಾಗಿದ್ದರು. ಒಂದು ತಾಲ್ಲೂಕಿನ ಹುಡುಗರು ಕೂಡಿ ಖಂಡವನ್ನು ಗೆದ್ದಂತೆ. ಗುರು ಜಾಕ್ ಸ್ಟೀನ್ ಹಿಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ರೇಸಿಂಗ್ ಕೂಡ ದೊಡ್ಡವರ ಮನೆಯ ಕೂಸಲ್ಲ. ಬ್ಯೂನಸ್ ಐರಿಸ್ಸಿಗೆ ದಕ್ಷಿಣದಲ್ಲಿ ಅಂಟಿಕೊಂಡಿರುವ ಕೈಗಾರಿಕಾ ಪಟ್ಟಣ ಅವೆಯನೇಡದ ಕ್ಲಬ್ಬು ಅದು. ಆ ವರ್ಷ ಮಾಂಟೆವಿಡಿಯೊ ನಗರದ ನಾಸಿಯೊನಾಲ್ ತಂಡವನ್ನು ಸೋಲಿಸಿ ತನ್ನ ಖಂಡದ ಕಪ್ಪನ್ನು ಗೆದ್ದಿತ್ತು. ಅಲ್ಲಿಯೂ ಎರಡು ಆಟಗಳು ಗೋಲಿಲ್ಲದೆ ಮುಗಿದು, ಮೂರನೆಯದು ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆಯಬೇಕಾಯಿತು. ಮೂರನೆಯ ಅಂಗಳದ ದಾರಿ ರೇಸಿಂಗಿಗೆ ಹೊಸದಲ್ಲ.

ಮೊದಲ ಆಟ ಅಕ್ಟೋಬರ್ 18ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ. ರೇಸಿಂಗಿನವರು ಗೋಲು ಹೊಡೆಯಲು ಬಂದವರಲ್ಲ, ಹೊಡೆಯಗೊಡಬಾರದೆಂದು ಬಂದವರು. ಸೆಲ್ಟಿಕ್ಕಿನ ಜಿಮ್ಮಿ ಜಾನ್‌ಸ್ಟನ್ ಎಂಬ ಕುಳ್ಳನೆಯ ಕೆಂಗೂದಲಿನ ಚತುರ ಕಾಲಿಗೆ ಚೆಂಡು ಬಂದೊಡನೆ ಯಾರಾದರೊಬ್ಬರು ಅವನನ್ನು ಕೆಡವುತ್ತಿದ್ದರು. ಕೊನೆಗೆ 69ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ನಾಯಕ ಬಿಲ್ಲಿ ಮೆಕ್‌ನೀಲ್ ತಲೆಯೊಡ್ಡಿದ, 1–0.

ಎರಡನೆಯದು ನವೆಂಬರ್ 1ರಂದು ಅವೆಯನೇಡದಲ್ಲಿ. ಬೀಗರ ಮನೆಯಲ್ಲಿ ಎಲೆ ಹಾಕುವ ಮೊದಲೇ ಅನಾಹುತವಾಯಿತು. ಆಟ ಆರಂಭವಾಗುವ ಮುನ್ನ ಅಭ್ಯಾಸ ಮಾಡುತ್ತಿದ್ದ ಸೆಲ್ಟಿಕ್ಕಿನ ಗೋಲ್‌ಕೀಪರ್ ರಾನಿ ಸಿಂಪ್ಸನ್ನನ ತಲೆಗೆ ಏನೋ ತೂರಿಬಂದು ಬಡಿಯಿತು. ಮೂವತ್ತೇಳು ವರ್ಷದ ಆ ಹಿರಿಯ ಆಡಲಾರದೆ ಹೊರಗುಳಿದ. ಜಾನ್ ಫಾಲನ್ ಅವನ ಸ್ಥಳಕ್ಕೆ ಬಂದ. ಆದರೂ ಮೊದಲ ಗೋಲು ಸೆಲ್ಟಿಕ್ಕಿನದೇ: ಪೆನಾಲ್ಟಿಯಿಂದ ಟಾಮಿ ಗೆಮ್ಮೆಲ್ ಹೊಡೆದದ್ದು. ರಾಫೊ ಸಮ ಮಾಡಿದ. ವಿರಾಮದ ಬಳಿಕ ಕಾರ್ಡೆನಸ್ ಎರಡನೆಯದನ್ನು ಸೇರಿಸಿದ. ರೇಸಿಂಗಿಗೆ 2–1ರ ಗೆಲುವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡೂ ಆಟಗಳ ಗೋಲುಗಳನ್ನು ಕೂಡಿದರೆ 2–2. ಅಂತಹ ಸಂದರ್ಭದಲ್ಲಿ ಪರರ ಊರಿನಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮವೊಂದು ಯೂರೋಪಿನಲ್ಲಿ 1965ರಿಂದಲೇ ಬಳಕೆಗೆ ಬರತೊಡಗಿತ್ತು. ಅತಿಥಿಯಾಗಿ ಹೋದಾಗ ಅಂಜಿ ಮೂಲೆ ಹಿಡಿಯದೆ ಧೈರ್ಯದಿಂದ ಆಡಲಿ ಎಂಬುದು ಅದರ ಉದ್ದೇಶ. 2021ರಲ್ಲಿ ಯೂರೋಪಿನವರೇ ಅದನ್ನು ಕೈಬಿಟ್ಟರು, ಅದಿರಲಿ. ಆ ನಿಯಮ ಈ ಕಪ್ಪಿಗೆ ಅನ್ವಯಿಸಿದ್ದರೆ, ರೇಸಿಂಗ್ ಗ್ಲಾಸ್ಗೋದಲ್ಲಿ ಹೊಡೆಯದ ಗೋಲನ್ನು ಸೆಲ್ಟಿಕ್ ಅವೆಯನೇಡದಲ್ಲಿ ಹೊಡೆದಿದ್ದುದರಿಂದ ಕಪ್ಪು ಅಂದೇ ಸ್ಕಾಟ್ಲೆಂಡಿಗೆ ಹೋಗುತ್ತಿತ್ತು. ಕಾದಾಟವೂ ಇಲ್ಲ, ಬೈಗುಳವೂ ಇಲ್ಲ. ನನ್ನ ಮೊಮ್ಮಗ ಕಂಡ ಆ ಗೋಲೂ ಇರುತ್ತಿರಲಿಲ್ಲ.

ಮೂರನೆಯ ಆಟವೇ ಬೇಡ, ಊರಿಗೆ ಮರಳೋಣವೆಂದು ಸೆಲ್ಟಿಕ್ಕಿನ ಅಧ್ಯಕ್ಷ ರಾಬರ್ಟ್ ಕೆಲ್ಲಿ ಯೋಚಿಸಿದ್ದುಂಟು. ಸ್ಟೀನ್ ಆಡಬೇಕೆಂದರು. ನದಿಯ ಮುಖವನ್ನು ದಾಟಿದರೆ ಮಾಂಟೆವಿಡಿಯೊ. ಎರಡು ತಿಂಗಳ ಹಿಂದೆಯಷ್ಟೇ ತಮ್ಮೂರ ನಾಸಿಯೊನಾಲನ್ನು ಸೋಲಿಸಿದ್ದ ರೇಸಿಂಗಿನ ಮೇಲೆ ಅಲ್ಲಿಯವರಿಗೆ ಒಲವಿರಲು ಕಾರಣವಿರಲಿಲ್ಲ. ಯಾರ ಮನೆಯೂ ಅಲ್ಲದ ಅಂಗಳ ಅದು. ಯಾರ ಮನೆಯೂ ಅಲ್ಲದಿದ್ದುದರಿಂದಲೇ ಅಲ್ಲಿ ಯಾರಿಗೂ ಮನೆಯವರ ಸಂಕೋಚವಾಗಲಿ ನೆಂಟರ ಸಂಕೋಚವಾಗಲಿ ಉಳಿಯಲಿಲ್ಲವೆಂದು ನನಗೆ ತೋರುತ್ತದೆ. ಹಿಂದಿನ ಎರಡು ಆಟಗಳ ಬಾಕಿಯನ್ನೆಲ್ಲ ಎರಡೂ ಕಡೆಯವರು ಅಲ್ಲಿ ತೀರಿಸಿಕೊಂಡರು.

ಪರಾಗ್ವೆಯ ರೆಫರಿ ಪೆರೆಸ್ ಒಸೊರಿಯೊ ವಿರಾಮಕ್ಕೆ ಮೊದಲೇ ಎರಡೂ ತಂಡಗಳಿಂದ ಒಬ್ಬೊಬ್ಬರನ್ನು ಹೊರಗಟ್ಟಿದರು: ರೇಸಿಂಗಿನ ಬಸೀಲೆ, ಸೆಲ್ಟಿಕ್ಕಿನ ಲೆನಕ್ಸ್. ಜಗಳದಲ್ಲಿ ಲೆನಕ್ಸನ ಪಾತ್ರವೇ ಇರಲಿಲ್ಲವೆಂಬುದು ಸೆಲ್ಟಿಕ್ಕಿನವರ ವಾದ. ವಿರಾಮದ ಬಳಿಕ ಜಾನ್‌ಸ್ಟನ್ ಹೋದ. ಆಮೇಲೆ ಹ್ಯೂಸ್, ಆಮೇಲೆ ರೇಸಿಂಗಿನ ರುಲ್ಲಿ. ಕೊನೆಯ ಗಳಿಗೆಯಲ್ಲಿ ಸೆಲ್ಟಿಕ್ಕಿನ ಬರ್ಟಿ ಆಲ್ಡ್‌ಗೂ ಹೊರಡುವ ಅಪ್ಪಣೆಯಾಯಿತು. ಆ ಪುಣ್ಯಾತ್ಮ ಹೊರಡಲಿಲ್ಲ! ಗಲಾಟೆಯ ನಡುವೆ ಅವನನ್ನು ಅಲ್ಲಿಯೇ ಇರಗೊಟ್ಟು ಆಟ ಮುಗಿಸಿದರು. ಆದ್ದರಿಂದ ದಾಖಲೆಯ ಪ್ರಕಾರ ಹೊರಹೋದ ಸೆಲ್ಟಿಕ್ ಆಟಗಾರರು ನಾಲ್ವರು. ಕಣ್ಣಿನ ಪ್ರಕಾರ ಮೂವರು. ದಾಖಲೆಯನ್ನೇ ನಂಬಿ ಪಾಠ ಹೇಳಿದ ನನ್ನಂಥವನಿಗೆ ಇದೊಂದು ಒಳ್ಳೆಯ ಏಟು. ಇಷ್ಟರ ನಡುವೆ, 56ನೆಯ ನಿಮಿಷದಲ್ಲಿ, ಕಾರ್ಡೆನಸ್ಸನ ಎಡಗಾಲು ತನ್ನ ಕೆಲಸ ಮಾಡಿತ್ತು. 1–0. ಅರ್ಜೆಂಟೀನಾದ ಕ್ಲಬ್ಬೊಂದು ಈ ಕಪ್ಪನ್ನು ಗೆದ್ದದ್ದು ಅದೇ ಮೊದಲು.

ಹುಡುಗನ ಪ್ರಶ್ನೆಗೆ ಬರೋಣ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಎಂದರೆ ಸೋತವರ ಕಡೆಯವರು ಬರೆದದ್ದು. ಲೋಕದ ಬಹುಪಾಲು ಸುದ್ದಿ ನಮಗೆ ಬರುವುದು ಆ ಒಂದೇ ಕಿಟಕಿಯಿಂದ. ಅವರು ಬರೆದದ್ದು ಸುಳ್ಳಲ್ಲ. ಸಿಂಪ್ಸನ್ನನ ತಲೆಗೆ ಬಿದ್ದ ಪೆಟ್ಟು ಸುಳ್ಳಲ್ಲ, ಜಾನ್‌ಸ್ಟನ್ ತಿಂದ ಒದೆಗಳೂ ಸುಳ್ಳಲ್ಲ. ಆದರೆ ಅದರ ಹಿಂದಿನ ವರ್ಷದ ವಿಶ್ವಕಪ್ಪಿನಲ್ಲಿ, 1966ರ ಜುಲೈ 23ರಂದು, ಲಂಡನ್ನಿನ ವೆಂಬ್ಲಿಯಲ್ಲಿ ಅರ್ಜೆಂಟೀನಾದ ನಾಯಕ ರತ್ತೀನನನ್ನು ಹೊರಗಟ್ಟಿದ್ದನ್ನೂ, ಆಟದ ಬಳಿಕ ಇಂಗ್ಲೆಂಡಿನ ಗುರು ಆಲ್ಫ್ ರಾಮ್ಸೆ ಆ ತಂಡವನ್ನು ಮೃಗಗಳಿಗೆ ಹೋಲಿಸಿ ಮಾತಾಡಿದ್ದನ್ನೂ ಅದೇ ಪುಟದಲ್ಲಿ ಬರೆದವರನ್ನು ಕಾಣೆ. ಆ ಗಾಯ ಆರದೆ ಇದ್ದ ಜನರ ಮುಂದೆ ಮರುವರ್ಷ ನಿಂತವರು ಸ್ಕಾಟರು. ಇಂಗ್ಲೆಂಡಿನ ಮಾತಿಗೆ ಸ್ಕಾಟ್ಲೆಂಡು ತಲೆಯೊಡ್ಡಬೇಕಾಗಿ ಬಂದದ್ದು ಚರಿತ್ರೆಯ ಕುಚೋದ್ಯ. ಹೀಗೆಂದು ರೇಸಿಂಗಿನ ಒರಟುತನವನ್ನು ನಾನು ಒಪ್ಪುತ್ತೇನೆಂದಲ್ಲ. ಕಲ್ಲೆಸೆತಕ್ಕೆ ಕಾರಣ ಹೇಳಬಹುದು, ಸಮರ್ಥನೆ ಹೇಳಲಾಗದು. ಸೆಲ್ಟಿಕ್ ಕ್ಲಬ್ಬು ಕೂಡ ತನ್ನ ಆಟಗಾರರನ್ನು ಬರಿದೆ ಬಿಡಲಿಲ್ಲ; ತಲೆಗೆ 250 ಪೌಂಡು ದಂಡ ಹಾಕಿತು.

ಗೆದ್ದವರಿಗೂ ಗೆಲುವು ಪೂರ್ತಿ ದಕ್ಕಲಿಲ್ಲವೆನ್ನಬೇಕು. ಅವೆಯನೇಡದಲ್ಲಿ ಕೂಗಳತೆಯ ದೂರದಲ್ಲಿಯೇ ಇಂಡಿಪೆಂಡಿಯೆಂಟೆ ಎಂಬ ಎದುರಾಳಿ ಕ್ಲಬ್ಬಿನ ಮೈದಾನವಿದೆ. ರೇಸಿಂಗಿನವರು ಸಂಭ್ರಮದಲ್ಲಿ ಮೈಮರೆತಿದ್ದ ರಾತ್ರಿ ಆ ಕಡೆಯವರು ಬಂದು ಏಳು ಸತ್ತ ಬೆಕ್ಕುಗಳನ್ನು ಇವರ ಮೈದಾನದಲ್ಲಿ ಹೂತುಹೋದರೆಂದು ಅಲ್ಲಿ ಐತಿಹ್ಯ. ಮಾಟಮಂತ್ರ ನಮ್ಮ ಸ್ವತ್ತೇ ಎಂದುಕೊಂಡಿದ್ದ ನನಗೆ ಇದನ್ನು ಓದಿ ತುಸು ನಿರಾಸೆಯೇ ಆಯಿತು. ಐತಿಹ್ಯವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. 1966ರಲ್ಲಿ ತನ್ನ ದೇಶದ ಲೀಗನ್ನು ಗೆದ್ದಿದ್ದ ರೇಸಿಂಗ್ ಮತ್ತೆ ಅದನ್ನು ಗೆದ್ದದ್ದು 2001ರಲ್ಲಿ ಎಂಬುದು ಮಾತ್ರ ನಿಜ.

ಕಪ್ಪಿನ ಗತಿಯೂ ಅಷ್ಟೇ. 1969ರ ಹೊತ್ತಿಗೆ ಗೋಲು ಕೂಡಿಸುವ ಲೆಕ್ಕ ಬಂದು ಮೂರನೆಯ ಅಂಗಳದ ಅಗತ್ಯ ತಪ್ಪಿತು, ಹೊಡೆದಾಟ ತಪ್ಪಲಿಲ್ಲ. ಆ ವರ್ಷ ಮಿಲಾನ್ ತಂಡದ ಮೇಲೆ ಹಲ್ಲೆ ಮಾಡಿದ ಎಸ್ತೂಡಿಯಾಂಟೆಸ್ ತಂಡದ ಮೂವರು ಸೆರೆಮನೆಯನ್ನೂ ಕಂಡರು. ಯೂರೋಪಿನ ವಿಜೇತರು ಒಬ್ಬೊಬ್ಬರಾಗಿ ಹಿಂಜರಿದರು: 1971ರಲ್ಲಿ ಅಯಾಕ್ಸ್, 1974ರಲ್ಲಿ ಬಯರ್ನ್, 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್. 1975ರಲ್ಲಿಯೂ 1978ರಲ್ಲಿಯೂ ಆಟವೇ ನಡೆಯಲಿಲ್ಲ. 1980ರ ಕಪ್ಪಿನಿಂದ ಮೊದಲ್ಗೊಂಡು, ಒಂದೇ ಆಟವೆಂದು ಗೊತ್ತುಮಾಡಿ ಅದನ್ನು ಜಪಾನಿಗೆ ಒಯ್ದರು. ಇವರ ಮನೆ, ಅವರ ಮನೆ ಎಂಬುದು ಅಲ್ಲಿಗೆ ಮುಗಿದು ಛತ್ರದ ಮದುವೆಯ ಕಾಲ ಬಂದಿತು. 2004ರಲ್ಲಿ ಆ ಕಪ್ಪೂ ನಿಂತುಹೋಯಿತು. 2017ರ ಅಕ್ಟೋಬರಿನಲ್ಲಿ ಫಿಫಾ ಸಂಸ್ಥೆ ಅದನ್ನು ಗೆದ್ದ ಕ್ಲಬ್ಬುಗಳೆಲ್ಲ ವಿಶ್ವ ವಿಜೇತರೇ ಎಂದು ಒಪ್ಪಿಕೊಂಡಿತು. ಮಾಂಟೆವಿಡಿಯೊದ ಆ ಸಂಜೆಗೆ ಆಗ ಸರಿಯಾಗಿ ಐವತ್ತು ವರ್ಷ.

ಇದನ್ನೆಲ್ಲ ಮೊಮ್ಮಗನಿಗೆ ಒಂದು ಗಂಟೆ ವಿವರಿಸಿದೆ. ಅವನು ಕೇಳಿದನೋ ಸಹಿಸಿಕೊಂಡನೋ ಹೇಳಲಾರೆ. ಮುಗಿದ ಮೇಲೆ, “ಹಾಗಾದರೆ ಕಪ್ಪು ಯಾರಿಗೆ ಸಿಗಬೇಕಿತ್ತು ತಾತ?” ಎಂದ. ಆ ಚಿತ್ರವನ್ನು ಇನ್ನೊಮ್ಮೆ ಹಾಕೆಂದೆ. ಕಾರ್ಡೆನಸ್ ತಲೆಯೆತ್ತಿ ನೋಡಿದ, ಹೊಡೆದ, ಫಾಲನ್ ಜಿಗಿದ, ಅಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.