ಗೇರ್‌ಬಾಕ್ಸ್ ಇಳಿಸುವ ಮೊದಲು

ಹದಿನೈದು ಇಪ್ಪತ್ತು ವರ್ಷ ಓಡಿದ ಆಟೊಮ್ಯಾಟಿಕ್ ಕಾರು ಇದ್ದಕ್ಕಿದ್ದಂತೆ ಗೇರ್ ಬದಲಿಸಲು ತಡವರಿಸತೊಡಗುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗುತ್ತದೆ, ಆಮೇಲೆ ಧಡಕ್ಕನೆ ಗೇರ್ ಬೀಳುತ್ತದೆ. ಇಲ್ಲವೇ ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಮೂರು ನಾಲ್ಕರ ನಡುವೆ ಹೊಯ್ದಾಡುತ್ತದೆ. ಗ್ಯಾರೇಜಿಗೆ ಒಯ್ದರೆ ಸಿಗುವ ಉತ್ತರ ಬಹುಪಾಲು ಒಂದೇ: "ಗೇರ್‌ಬಾಕ್ಸ್ ಇಳಿಸಬೇಕು ಸಾರ್." ಅದರ ಹಿಂದೆಯೇ ಬರುವ ಖರ್ಚಿನ ಅಂದಾಜು ಎಷ್ಟೋ ಸಲ ಆ ಕಾರಿನ ಬೆಲೆಯನ್ನೇ ಮೀರುತ್ತದೆ. ಇನ್ನೂ ಓಡಬಲ್ಲ ಕಾರುಗಳು ಆ ಒಂದು ಮಾತಿಗೆ ಗುಜರಿ ಸೇರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಗೇರ್‌ಬಾಕ್ಸ್ ತನಗೆ ತಲುಪಿದ ಸುದ್ದಿಯನ್ನು ನಂಬಿ ನಡೆಯುವ ಯಂತ್ರ. ಅದರ ಹಲ್ಲು, ಕ್ಲಚ್ಚುಗಳನ್ನು ಅನುಮಾನಿಸುವ ಮೊದಲು ಆ ಸುದ್ದಿ ಸರಿಯಿದೆಯೇ ಎಂದು ನೋಡುವುದು ನ್ಯಾಯ.

ಯಂತ್ರಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು ಸುದ್ದಿ: ಕಾರು ಎಷ್ಟು ವೇಗವಾಗಿ ಹೋಗುತ್ತಿದೆ, ಎಂಜಿನ್ ಮೇಲೆ ಹೊರೆ ಎಷ್ಟಿದೆ. ಜನರಲ್ ಮೋಟರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಾಗಿನಿಂದ ಹಲವು ದಶಕ ಈ ಎರಡನ್ನೂ ಹೇಳುತ್ತಿದ್ದದ್ದು ಎಣ್ಣೆಯ ಒತ್ತಡ. ಗವರ್ನರ್ ಎಂಬ ಭಾಗದಲ್ಲಿ ತಿರುಗುವ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ ಒಂದು ಒತ್ತಡವನ್ನು ಏರಿಸುತ್ತವೆ. ಆಕ್ಸಿಲರೇಟರಿಗೆ ಕಟ್ಟಿದ ಕೇಬಲ್ಲೋ, ಎಂಜಿನ್ನಿನ ನಿರ್ವಾತಕ್ಕೆ ಜೋಡಿಸಿದ ರಬ್ಬರ್ ಪೊರೆಯೋ ಇನ್ನೊಂದು ಒತ್ತಡವನ್ನು ಹುಟ್ಟಿಸುತ್ತದೆ. ಎರಡೂ ಒಂದೇ ವಾಲ್ವನ್ನು ಎದುರುಬದುರು ತಳ್ಳುತ್ತವೆ. ವೇಗದ ಕೈ ಮೇಲಾದರೆ ಮೇಲಿನ ಗೇರ್, ಹೊರೆಯ ಕೈ ಮೇಲಾದರೆ ಕೆಳಗಿನದು. ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಬರೀ ಎಣ್ಣೆಯಿಂದ ಲೆಕ್ಕ ಮಾಡಿಸಿದ ಈ ಜಾಣ್ಮೆ ನನಗೆ ಇಂದಿಗೂ ಬೆರಗು.

ಅಂಥ ಹಳೆಯ ಕಾರಿನಲ್ಲಿ ರಬ್ಬರ್ ಪೊರೆ ಹರಿದರೆ ನಿರ್ವಾತ ಸೋರಿಹೋಗಿ, ಹೊರೆ ವಿಪರೀತ ಇದೆಯೆಂದು ಗೇರ್‌ಬಾಕ್ಸ್ ತಿಳಿಯುತ್ತದೆ. ಗೇರ್ ತಡವಾಗಿ, ಗಡುಸಾಗಿ ಬದಲಾಗುತ್ತದೆ. ಜೊತೆಗೆ ಎಂಜಿನ್ ಆ ಬಿರುಕಿನಿಂದ ಗೇರ್ ಆಯಿಲನ್ನೇ ಹೀರಿ ಸುಡತೊಡಗುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಕಾರಿನಡಿ ಒಂದು ತೊಟ್ಟೂ ಬೀಳದೆ ಆಯಿಲ್ ಇಳಿಯುತ್ತದೆ. ಇಡೀ ರೋಗಕ್ಕೆ ಕಾರಣ ಹೊರಗಿನಿಂದಲೇ ಬಿಚ್ಚಿ ಬದಲಿಸಬಹುದಾದ ಒಂದು ಸಣ್ಣ ಡಬ್ಬಿ.

ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಪ್ರಶ್ನೆಗಳು ಬದಲಾಗಲಿಲ್ಲ, ಸುದ್ದಿ ತರುವವರು ಬದಲಾದರು. ಇದಕ್ಕೆ ಮರ್ಸಿಡಿಸ್‌ನ 722.6 ಎಂಬ ಐದು ಗೇರುಗಳ ಪೆಟ್ಟಿಗೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1990ರ ದಶಕದ ನಡುವಿನಲ್ಲಿ ಬಂದ ಇದು ಇ-ಕ್ಲಾಸ್ ಸೇರಿದಂತೆ ಆ ಕಂಪನಿಯ ಅನೇಕ ಕಾರುಗಳಲ್ಲಿ, ಕ್ರೈಸ್ಲರ್‌ನ ಕೆಲವು ಕಾರುಗಳಲ್ಲಿ ಕೂಡ ಕೂತಿತು. ಯಂತ್ರಭಾಗ ಬಲು ಗಟ್ಟಿ. ಕೈಕೊಡುವುದು ಒಳಗಿರುವ ಒಂದು ಪ್ಲಾಸ್ಟಿಕ್ ತಟ್ಟೆ. ತಾಮ್ರದ ಪಟ್ಟಿಗಳನ್ನೂ ಪೆಟ್ಟಿಗೆಯೊಳಗೆ ತಿರುಗುವ ಭಾಗಗಳ ವೇಗ ಅಳೆಯುವ ಎರಡು ಸೆನ್ಸರುಗಳನ್ನೂ ಹೊತ್ತು ಅದು ಬಿಸಿ ಎಣ್ಣೆಯಲ್ಲೇ ವರ್ಷಗಟ್ಟಲೆ ಬೇಯುತ್ತಿರುತ್ತದೆ. ಯಾವುದೋ ಒಂದು ದಿನ, ಎಣ್ಣೆ ಚೆನ್ನಾಗಿ ಕಾದ ಹೊತ್ತಿಗೆ, ಒಂದು ಸೆನ್ಸರ್ ಮಾತು ನಿಲ್ಲಿಸುತ್ತದೆ. ಸುದ್ದಿ ನಂಬುವಂತಿಲ್ಲ ಎಂದು ಕಂಪ್ಯೂಟರ್, ವಾಲ್ವುಗಳನ್ನು ಕರೆಂಟಿನಿಂದ ಆಡಿಸುವ ಸೊಲೆನಾಯ್ಡುಗಳಿಗೆ ಕರೆಂಟು ಕೊಡುವುದನ್ನೇ ಬಿಡುತ್ತದೆ. ಆಮೇಲೆ ಕಾರಿಗೆ ಉಳಿಯುವುದು ಎರಡನೇ ಗೇರ್ ಮತ್ತು ರಿವರ್ಸ್ ಮಾತ್ರ. ಕರೆಂಟಿಲ್ಲದಿದ್ದರೂ ಮನೆ ಮುಟ್ಟಲೆಂದು ವಾಲ್ವುಗಳನ್ನು ಹಾಗೆ ರೂಪಿಸಿದ್ದಾರೆ. ಕಾರು ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದವರಂತೆ ಐದೂ ಗೇರ್ ಬೀಳುತ್ತವೆ. ಈ ಲಕ್ಷಣವೇ ದೊಡ್ಡ ಸುಳಿವು: ಸವೆದ ಕ್ಲಚ್ ಪ್ಲೇಟು ಕೀಲಿ ತಿರುಗಿಸಿದ್ದಕ್ಕೆ ವಾಸಿಯಾಗುವುದಿಲ್ಲ. ಆಯಿಲ್ ನಿಲ್ಲುವ ತಳದ ಚೇಂಬರ್ ಬಿಚ್ಚಿ, ವಾಲ್ವ್ ಬಾಡಿ ಇಳಿಸಿ ಆ ತಟ್ಟೆ ಬದಲಿಸಿದರೆ ಸಾಕು. ಗೇರ್‌ಬಾಕ್ಸ್ ಇದ್ದಲ್ಲೇ ಇರುತ್ತದೆ.

ಇದೇ ಪೆಟ್ಟಿಗೆಯ ಇನ್ನೊಂದು ರೋಗ ಇನ್ನೂ ಸೋಜಿಗದ್ದು. ಒಳಗಿನ ತಟ್ಟೆಗೆ ಹೊರಗಿನ ವೈರುಗಳು ಸೇರುವ ಕಪ್ಲರಿನ ರಬ್ಬರ್ ರಿಂಗುಗಳು ವಯಸ್ಸಾದಂತೆ ಗಟ್ಟಿಯಾಗಿ ಆಯಿಲ್ ಒಸರುತ್ತದೆ. ಹಾಗೆ ಒಸರಿದ್ದು ಕೆಳಗೆ ಬೀಳುವಷ್ಟಕ್ಕೇ ನಿಲ್ಲುವುದಿಲ್ಲ. ವೈರಿನ ಪ್ಲಾಸ್ಟಿಕ್ ಕವಚದೊಳಗೆ ತಾಮ್ರದ ಎಳೆಗಳ ಸಂದಿಯಲ್ಲಿ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ, ಮೇಲಕ್ಕೆ ಏರಿ ಗೇರ್‌ಬಾಕ್ಸಿನ ಕಂಪ್ಯೂಟರನ್ನೇ ತಲುಪುತ್ತದೆ. ಆಗ ಗೇರುಗಳು ಲಂಗುಲಗಾಮಿಲ್ಲದೆ ವರ್ತಿಸುತ್ತವೆ. ಪತ್ತೆ ಸುಲಭ. ಬ್ಯಾಟರಿ ಕಳಚಿ, ಕಂಪ್ಯೂಟರಿನ ಕಪ್ಲರ್ ಬಿಡಿಸಿ, ಟಿಶ್ಯೂ ಕಾಗದ ಒತ್ತಿ ನೋಡಬೇಕು. ಎಣ್ಣೆಯ ಕಲೆ ಮೂಡಿದರೆ ಕಳ್ಳ ಸಿಕ್ಕ.

ಇದೇ ಗೇರ್‌ಬಾಕ್ಸ್ ಕಾರಿನ ವೇಗವನ್ನು ತಾನೇ ಅಳೆಯುವುದಿಲ್ಲ, ಎಬಿಎಸ್ ಬ್ರೇಕಿನ ಚಕ್ರದ ಸೆನ್ಸರುಗಳಿಂದ ಕೇಳಿ ತಿಳಿಯುತ್ತದೆ. ಹಾಗಾಗಿ ಎಬಿಎಸ್ ದೀಪ ಉರಿಯುತ್ತಿರುವ ಕಾರು ಗೇರಿನಲ್ಲೂ ತೊಂದರೆ ಕೊಡುತ್ತಿದ್ದರೆ ಮೊದಲು ಚಕ್ರದ ಕಡೆ ನೋಡಬೇಕು. ಬೇರೆ ಕಾರುಗಳಲ್ಲಿ ಸ್ಪೀಡೋಮೀಟರ್ ಮುಳ್ಳು ನಡುಗಿದರೆ ವೇಗದ ಸೆನ್ಸರನ್ನು, ಪೆಡಲ್ ಒಂದು ನಿರ್ದಿಷ್ಟ ಮಟ್ಟದಲ್ಲಿದ್ದಾಗ ಮಾತ್ರ ಗೇರ್ ಹೊಯ್ದಾಡಿದರೆ ಥ್ರಾಟಲ್ ಸೆನ್ಸರನ್ನು ಶಂಕಿಸಬಹುದು. ದಿನವೂ ಉಜ್ಜಿದ ಅದೇ ಜಾಗದಲ್ಲಿ ಥ್ರಾಟಲ್ ಸೆನ್ಸರಿನ ಒಳಪಟ್ಟಿ ಸವೆದಿರುತ್ತದೆ. ಆಲ್ಟರ್ನೇಟರಿನ ಒಂದು ಡಯೋಡ್ ಕೆಟ್ಟರೂ ಅದರ ಗದ್ದಲ ಸೆನ್ಸರುಗಳ ಸಣ್ಣ ದನಿಯನ್ನು ಮುಳುಗಿಸೀತು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆಯಿಲ್. ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ತಂಪು ಮಾಡುವುದೂ ಅದೇ. ಮಟ್ಟ ಇಳಿದರೆ ಪಂಪು ಗಾಳಿ ಎಳೆದು ನೊರೆಯೇಳುತ್ತದೆ. ನೊರೆ ಅದುಮಿದರೆ ಕುಗ್ಗುತ್ತದೆ, ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಜಾರುತ್ತದೆ. ಹೆಚ್ಚಿನ ಕಾರುಗಳಲ್ಲಿ ಮಟ್ಟ ನೋಡುವುದು ಆಯಿಲ್ ಕಾದ ಮೇಲೆ, ಎಂಜಿನ್ ಓಡುತ್ತಿರುವಾಗ. ಹೋಂಡಾದ ಅನೇಕ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಕೂಡಲೇ. 722.6ರಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಕೊಳವೆಗೆ ಮುಚ್ಚಳ ಬಿಗಿದಿರುತ್ತಾರೆ. ಬೇರೆ ಅಳತೆಗೋಲು ತಂದು, ಆಯಿಲ್ 80 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ನೋಡಬೇಕು, ಏಕೆಂದರೆ ಬಿಸಿಯಾದಂತೆ ಅದು ಹಿಗ್ಗುತ್ತದೆ. "ಈ ಆಯಿಲ್ ಜೀವನಪರ್ಯಂತ ಬದಲಿಸಬೇಕಿಲ್ಲ" ಎಂಬ ಮಾತಿನಿಂದ ಕೆಟ್ಟ ಗೇರ್‌ಬಾಕ್ಸುಗಳಿಗೆ ಲೆಕ್ಕವಿಲ್ಲ ಎಂದೇ ನನ್ನ ಭಾವನೆ. ಬೆಂಗಳೂರಿನಂಥ ಊರಿನಲ್ಲಿ, ನಿಂತು ನಿಂತು ಹೊರಡುವ ಕಾರಿನಲ್ಲಿ, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಆ ಆಯಿಲನ್ನು ಕಡೆಯುತ್ತಲೇ ಇರುತ್ತದೆ, ಕಡೆದಷ್ಟೂ ಅದು ಬಿಸಿಯಾಗಿ ಬೇಗ ಹಳಸುತ್ತದೆ. ಆಯಿಲ್ ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ರೇಡಿಯೇಟರಿನ ಕೂಲಂಟ್ ಅದರಲ್ಲಿ ಬೆರೆತಿದೆ ಎಂದರ್ಥ. ಆ ಕಾರನ್ನು ಒಂದು ಮೈಲಿಯೂ ಓಡಿಸಬಾರದು.

ಇಷ್ಟೆಲ್ಲ ನೋಡಿದ ಮೇಲೂ ಗೇರ್‌ಬಾಕ್ಸೇ ಕೆಟ್ಟಿರುವುದು ಉಂಟು. ತಂಪಾಗಿದ್ದಾಗಲೂ ಕಾದಾಗಲೂ ಅದೇ ಒಂದು ಗೇರಿನಲ್ಲಿ ಜಾರುತ್ತದೆ, ಆಯಿಲ್ ಕಪ್ಪಗಿದ್ದು ಸೀದ ವಾಸನೆ ಬರುತ್ತದೆ, ಚೇಂಬರಿನ ತಳದಲ್ಲಿ ಕ್ಲಚ್ ಪ್ಲೇಟಿನ ಕರಿ ಚೂರುಗಳಿರುತ್ತವೆ. (ಅಯಸ್ಕಾಂತಕ್ಕೆ ಅಂಟಿದ ತೆಳುವಾದ ಬೂದು ಲೇಪಕ್ಕೆ ಹೆದರಬೇಕಿಲ್ಲ, ಅದು ಸಹಜ ಸವಕಳಿ.) ಆಗ ಇಳಿಸಲೇಬೇಕು. ಇಳಿಸಿದ ಮೇಲೆ ಕೂಲರ್ ಪೈಪುಗಳನ್ನು ತೊಳೆಸಿ, ಟಾರ್ಕ್ ಕನ್ವರ್ಟರನ್ನೂ ಬಿಚ್ಚಿಸಿ ಶುಚಿ ಮಾಡಿಸಬೇಕು ಅಥವಾ ಬದಲಿಸಬೇಕು. ಇಲ್ಲದಿದ್ದರೆ ಅಲ್ಲಿ ಉಳಿದ ಹಳೆಯ ಚೂರು ಹೊಸ ಆಯಿಲ್‌ನೊಡನೆ ಹರಿದು ವಾಲ್ವುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಕಾರು ಮತ್ತೆ ಅದೇ ದೂರಿನೊಂದಿಗೆ ಗ್ಯಾರೇಜಿಗೆ ಬರುತ್ತದೆ.